ಮಾನಸಿಕ ಕಾಯಿಲೆ, ಒಣಗಿದ ಬಾಯಿ ಮತ್ತು ಮಂಡಕ್ಕಿ ಪ್ರಶ್ನೆ

ದಾವಣಗೆರೆಯಲ್ಲಿ ಡೆಂಟಲ್ ಓದುತ್ತಿರುವ ಜೂನಿಯರ್‌ಗಳಿಗೆ ಈ ಟಿಪ್ಪಣಿ. ಸೈಕಿಯಾಟ್ರಿಯಿಂದ ರೋಗಿ ಬಂದಾಗ ಕೇಸ್ ಶೀಟಲ್ಲಿ 'ಬಾಯಿ ಸ್ವಚ್ಛತೆ ಕಡಿಮೆ' ಅಂತ ಬರೆದು ಮುಂದೆ ಹೋಗಿಬಿಡುತ್ತೇವೆ. ನಾನೂ ಹಾಗೇ ಬರೆದಿದ್ದೆ.

ಚನ್ನಗಿರಿ ಕಡೆಯ ಒಬ್ಬ ಹುಡುಗ, ಸ್ಕಿಜೋಫ್ರೇನಿಯಾ ಅನ್ನುವ ತೀವ್ರ ಮಾನಸಿಕ ಕಾಯಿಲೆಗೆ ಚಿಕಿತ್ಸೆಯಲ್ಲಿದ್ದ. ಜೊತೆಗೆ ಬಂದ ತಾಯಿ, "ಹಲ್ಲೇ ಉಜ್ಜಲ್ಲ ಸಾರ್, ಎಷ್ಟು ಹೇಳಿದ್ರೂ ಅಷ್ಟೇ" ಅಂದರು. ಮೌತ್ ಮಿರರ್ ಒಳಗಿಟ್ಟೆ. ಅದು ಕೆನ್ನೆಗೆ ಅಂಟಿಕೊಂಡಿತು, ಮೆಲ್ಲಗೆ ಬಿಡಿಸಬೇಕಾಯಿತು. ಮುಂದಿನ ಹಲ್ಲುಗಳೆಲ್ಲ ವಸಡಿನ ಅಂಚಲ್ಲೇ ಕಂದು ಬಣ್ಣಕ್ಕೆ ತಿರುಗಿದ್ದವು. ಅಂಗಿ ಜೇಬಲ್ಲಿ ಪೆಪ್ಪರ್‌ಮಿಂಟ್. ಬಾಯಿ ಒಣಗುತ್ತೆ ಅಂತ ಇಡೀ ದಿನ ಚೀಪುತ್ತಿದ್ದ.

ಇಲ್ಲಿ ಆಗುತ್ತಿರುವುದು ಇಷ್ಟು. ಜೊಲ್ಲು ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಊರುತ್ತದೆ, ಆಮ್ಲವನ್ನು ತಗ್ಗಿಸುತ್ತದೆ. ಪಿಎಚ್ (ಇದು ಕಡಿಮೆಯಾದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಪದರವಾದ ಎನಾಮಲ್ ಕರಗಲು ಶುರು. ಸ್ಕಿಜೋಫ್ರೇನಿಯಾಗೆ ಕೊಡುವ ಹ್ಯಾಲೊಪೆರಿಡಾಲ್‌ನಿಂದ ಕೈ ನಡುಗಿದರೆ ಟ್ರೈಹೆಕ್ಸಿಫೆನಿಡಿಲ್ ಕೊಡುತ್ತಾರೆ. ಅದೂ, ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್ನೂ ಜೊಲ್ಲನ್ನು ಬತ್ತಿಸುತ್ತವೆ. ಸ್ಕಿಜೋಫ್ರೇನಿಯಾದ ಇನ್ನೊಂದು ಮಾತ್ರೆ ಕ್ಲೊಜಪಿನ್ ಮಾತ್ರ ಉಲ್ಟಾ, ಜೊಲ್ಲು ಸುರಿದು ರಾತ್ರಿ ದಿಂಬೇ ಒದ್ದೆಯಾಗುತ್ತದೆ. ಒಣ ಬಾಯಿಗೆ ಸಕ್ಕರೆ ಸೇರಿದರೆ ಹಲ್ಲು ಉಳಿಯುವುದು ಕಷ್ಟ, ಅಲ್ವಾ? ಜೊತೆಗೆ ಕಾಯಿಲೆಯೇ ಉತ್ಸಾಹವನ್ನು ಕಿತ್ತುಕೊಂಡಿರುತ್ತದೆ. ಅದನ್ನು ಸೋಮಾರಿತನ ಅನ್ನಬೇಡಿ.

'ಬಾಯಿ ಒಣಗುತ್ತಾ?' ಅಂದರೆ ಎಷ್ಟೋ ಜನ ಸುಮ್ನೆ ಇಲ್ಲ ಅಂತಾರೆ. ನಾನೀಗ ಬೇರೆ ಥರ ಕೇಳುತ್ತೇನೆ: "ನೀರು ಕುಡೀದೆ ಒಣ ಮಂಡಕ್ಕಿ ತಿನ್ನೋಕಾಗುತ್ತಾ?" ನಮ್ಮೂರಲ್ಲಿ ಇದಕ್ಕೆ ಉತ್ತರ ಗೊತ್ತಿಲ್ಲದವರಿಲ್ಲ.

2015ರಲ್ಲಿ ಸೈಕೊಸೊಮ್ಯಾಟಿಕ್ ಮೆಡಿಸಿನ್ ಜರ್ನಲ್‌ನಲ್ಲಿ ಬಂದ ಒಂದು ವಿಶ್ಲೇಷಣೆ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿತು. ತೀವ್ರ ಮಾನಸಿಕ ಕಾಯಿಲೆ ಇರುವವರು ಎಲ್ಲ ಹಲ್ಲು ಕಳೆದುಕೊಂಡಿರುವ ಸಂಭವ ಸುಮಾರು 2.8 ಪಟ್ಟು ಜಾಸ್ತಿ.

ಇನ್ನು ಜೀವನದ ಗುಣಮಟ್ಟ. ಬಾಯಿಯ ತೊಂದರೆ ದಿನನಿತ್ಯದ ಬದುಕನ್ನು ಎಷ್ಟು ಕಾಡುತ್ತದೆ ಅಂತ ಅಳೆಯುವ ಪ್ರಶ್ನಾವಳಿ ಒಎಚ್‌ಐಪಿ-14. ಅದರಲ್ಲಿ 14 ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 4 ಅಂಕ. ಒಟ್ಟು 56. ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಆದರೆ ನಮ್ಮ ರೋಗಿಗಳಲ್ಲಿ ಇದು ಎರಡೂ ಕಡೆ ದಾರಿ ತಪ್ಪಿಸಬಹುದು. 'ಸಿಡುಕು ಬರುತ್ತಾ, ನೆಮ್ಮದಿ ಇಲ್ವಾ' ಅನ್ನುವ ಪ್ರಶ್ನೆಗಳಿಗೆ ಖಿನ್ನತೆ ಇರುವವರು ಹೌದು ಅನ್ನುತ್ತಾರೆ, ಹಲ್ಲು ಚೆನ್ನಾಗಿದ್ದರೂ. 'ಹಲ್ಲಿನ ಕಾರಣಕ್ಕಾ?' ಅಂತ ಪ್ರತಿ ಸಲ ಸೇರಿಸಿ ಕೇಳಿ. ಇನ್ನು ಕೆಲವರು ಎಲ್ಲದಕ್ಕೂ ಇಲ್ಲ ಅನ್ನುತ್ತಾರೆ. ಆ ಹುಡುಗನೂ ಹಾಗೇ ಅಂದ. "ನಗುವಾಗ ಯಾಕೆ ಕೈ ಅಡ್ಡ ಹಿಡೀತೀರಿ?" ಅಂದೆ. ತುಂಬಾ ಹೊತ್ತು ಬಿಟ್ಟು, "ನೋಡ್ತಾರಲ್ಲ" ಅಂದ. ಶೀಟಲ್ಲಿ ಅದುವರೆಗೂ ಸೊನ್ನೆಯೇ ಇತ್ತು. ಅಂಕದ ಜೊತೆ ಕಣ್ಣಿಗೆ ಕಂಡದ್ದನ್ನೂ ಬರೆಯಿರಿ.

ಮನೆಯವರಿಗೆ ಹೇಳಬೇಕಾದ್ದು ಸ್ವಲ್ಪವೇ. ಪೆಪ್ಪರ್‌ಮಿಂಟ್ ಬದಲು ಗುಟುಕು ಗುಟುಕಾಗಿ ನೀರು ಅಥವಾ ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್. ರಾತ್ರಿ ಮಾತ್ರೆ ಡಬ್ಬಿಯ ಪಕ್ಕದಲ್ಲೇ ಬ್ರಷ್ ಮತ್ತು ಫ್ಲೋರೈಡ್ ಪೇಸ್ಟ್. ಬಾಯಿ ಒಣಗಿದರೂ ಮಾತ್ರೆ ಮಾತ್ರ ನಿಲ್ಲಿಸಬಾರದು, ಬದಲಿಸಬೇಕಾ ಅನ್ನುವುದನ್ನು ಸೈಕಿಯಾಟ್ರಿಸ್ಟ್ ಹೇಳಲಿ.

ಒಂದು ಎಚ್ಚರಿಕೆ. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ತಗೊಳ್ಳುವವರಿಗೆ ಹಲ್ಲು ಕಿತ್ತ ಮೇಲೆ ನೋವಿಗೆ ಅಂತ ಅಭ್ಯಾಸಬಲದಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬರೆಯಬೇಡಿ. ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಸಾಮಾನ್ಯವಾಗಿ ಪ್ಯಾರಸಿಟಮಾಲ್ ಸಾಕಾಗುತ್ತದೆ. ಚೀಟಿ ಬರೆಯುವ ಮುಂಚೆ ಅವರ ಮಾತ್ರೆಗಳ ಚೀಲವನ್ನು ಮೇಜಿನ ಮೇಲೆ ಸುರಿಸಿ ನೋಡಿ.