ಪದ ಪರಿಚಯ: ಬ್ಲಾಕ್ ಟೈಮ್

ಬೆಂಗಳೂರಿನಿಂದ ದೆಹಲಿಗೆ ಹೊರಟಿದ್ದೆ. ಹಾರಾಟದ ಅವಧಿ 2 ಗಂಟೆ 15 ನಿಮಿಷ ಎಂದು ಪೈಲಟ್ ಹೇಳಿ ಮುಗಿಸಿದ್ದರಷ್ಟೇ, ಪಕ್ಕದ ಸೀಟಿನ ಹಿರಿಯರು ಮಡಿಸಿಟ್ಟಿದ್ದ ಟಿಕೆಟ್ ಬಿಡಿಸಿದರು. "ಇದರಲ್ಲಿ 2 ಗಂಟೆ 50 ನಿಮಿಷ ಎಂದಿದೆಯಲ್ಲಪ್ಪ, ಉಳಿದದ್ದು ಎಲ್ಲಿ ಹೋಯಿತು?"

ಎಲ್ಲಿಗೂ ಹೋಗಿಲ್ಲ. ಪೈಲಟ್ ಹೇಳಿದ್ದು ಗಾಳಿಯಲ್ಲಿರುವ ಹೊತ್ತು. ಟಿಕೆಟ್ಟಿನಲ್ಲಿರುವುದು ಬ್ಲಾಕ್ ಟೈಮ್.

ಘಟ್ಟದ ರಸ್ತೆಯಲ್ಲಿ ಲಾರಿ ನಿಂತರೆ ಕ್ಲೀನರ್ ಇಳಿದು ಚಕ್ರಕ್ಕೆ ಕಲ್ಲು ಕೊಡುತ್ತಾನೆ. ವಿಮಾನಕ್ಕೂ ಅದೇ ಉಪಚಾರ. ಪಕ್ಕದಲ್ಲಿ ನಿಂತ ವಿಮಾನದ ಮೂತಿಯ ಕೆಳಗಿನ ಗಾಲಿಯನ್ನು ಕಿಟಕಿಯಿಂದ ನೋಡಿ: ಹಿಂದೊಂದು ಮುಂದೊಂದು ಮರದ ಅಥವಾ ರಬ್ಬರಿನ ದಪ್ಪ ತುಂಡು, ಎರಡನ್ನೂ ಸೇರಿಸಿ ಒಂದು ಹಗ್ಗ. ಆ ತುಂಡೇ ಬ್ಲಾಕ್. ಅದನ್ನು ಎಳೆದುಕೊಂಡ ಮೇಲೆ ವಿಮಾನ ಮೊದಲು ಅಲುಗಿದ ಗಳಿಗೆಯಿಂದ, ಇಳಿದ ಊರಿನಲ್ಲಿ ಪೂರ್ತಿ ನಿಲ್ಲುವವರೆಗಿನ ಸಮಯವೇ ಬ್ಲಾಕ್ ಟೈಮ್. ಕಲ್ಲಿನಿಂದ ಕಲ್ಲಿಗೆ ಎನ್ನಿ. ಪೈಲಟ್‌ಗಳ ಹಾರಾಟದ ಗಂಟೆಗಳನ್ನು ಲೆಕ್ಕ ಹಿಡಿಯುವುದೂ ಹೀಗೆಯೇ.

ಬೆಂಗಳೂರು–ದೆಹಲಿ ಲೆಕ್ಕ ಕಲಿಯಲು ಹೇಳಿಮಾಡಿಸಿದ ಜೋಡಿ. ಎರಡೂ ಹೆಚ್ಚುಕಡಿಮೆ 77 ಡಿಗ್ರಿ ರೇಖಾಂಶದಲ್ಲಿವೆ. ನಡುವೆ ಅಕ್ಷಾಂಶದಲ್ಲಿ 15 ಡಿಗ್ರಿಗಿಂತ ತುಸು ಹೆಚ್ಚು ಅಂತರ. ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಹಿಡಿದರೆ ನೇರ ದೂರ 1,700 ಕಿ.ಮೀ. ದಾಟುತ್ತದೆ. ಸೊಲ್ಲಾಪುರ, ಭುಸಾವಳ ಸುತ್ತಿ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್‌ಗೆ ಅದೇ ದೆಹಲಿ ಸುಮಾರು 2,400 ಕಿ.ಮೀ. ದೂರ!

ಗಂಟೆಗೆ 800 ಚಿಲ್ಲರೆ ಕಿ.ಮೀ. ಓಡುವ ಜೆಟ್‌ಗೆ ಎರಡು ಗಂಟೆ ಸಾಕಿತ್ತು. ಆದರೆ ಆ ವೇಗ ಮೇಲೆ ಹೋದ ಮೇಲಿನ ಮಾತು. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ಮಿತಿ ಇರುತ್ತದೆ. ರನ್‌ವೇ ಮುಂದಿನ ಸಾಲು, ಇಳಿಯುವ ಮುನ್ನ ಹಾಕುವ ಸುತ್ತು, ದೆಹಲಿಯಲ್ಲಿ ಇಳಿದ ಮೇಲೂ ಮುಗಿಯದ ನೆಲದ ಸವಾರಿ ಬೇರೆ. ಇವೆಲ್ಲಕ್ಕೂ ಜಾಗ ಬಿಟ್ಟು, ವಿಮಾನ ಸಂಸ್ಥೆಗಳು ಇನ್ನೊಂದಿಷ್ಟು ನಿಮಿಷ ಕೈಕಾವಲಿಗೆ ಸೇರಿಸಿಕೊಳ್ಳುತ್ತವೆ. ತಡವಾಗಿ ಹೊರಟರೂ ಸಮಯಕ್ಕೆ ಸರಿಯಾಗಿ ತಲುಪಿದೆವು ಎಂಬ ಹೆಮ್ಮೆಯ ಘೋಷಣೆಯ ಗುಟ್ಟು ಬಹಳ ಸಲ ಇಷ್ಟೇ.

ಪೂರ್ವ–ಪಶ್ಚಿಮ ಪಯಣದಲ್ಲಿ ಗಾಳಿಯೂ ಪಾಲು ಕೇಳುತ್ತದೆ. ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಜೆಟ್ ಪ್ರವಾಹ ಲಂಡನ್ನಿಗೆ ಹೋಗುವಾಗ ಎದುರಾಗುತ್ತದೆ, ಬೆಂಗಳೂರಿಗೆ ಮರಳುವಾಗ ಬೆನ್ನು ತಳ್ಳುತ್ತದೆ. ದೂರ ಒಂದೇ ಆದರೂ ಮರಳುವ ದಾರಿ ಸಾಮಾನ್ಯವಾಗಿ ಬೇಗ ಸವೆಯುತ್ತದೆ.

ಅಮೆರಿಕದ ಟಿಕೆಟ್ಟಿನಲ್ಲಿ ಇನ್ನೊಂದು ಎಚ್ಚರ ಬೇಕು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾರಿ, ಸುಮಾರು 14,000 ಕಿ.ಮೀ. ಕ್ರಮಿಸಿ ಬೆಂಗಳೂರಿನಲ್ಲಿ ಇಳಿಯಿತು. ಈ ಊರುಗಳ ಗಡಿಯಾರಗಳಿಗೆ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಅಂತರ. ಚಳಿಗಾಲದಲ್ಲಿ ಇಲ್ಲಿಂದ ಮಧ್ಯಾಹ್ನ 2ಕ್ಕೆ ಹೊರಟು ಅಲ್ಲಿ ಅದೇ ದಿನ ಸಂಜೆ 5ಕ್ಕೆ ತಲುಪುತ್ತದೆ ಎಂದು ಟಿಕೆಟ್ಟಿನಲ್ಲಿ ಕಂಡರೆ, ಬ್ಲಾಕ್ ಟೈಮ್ ಮೂರು ಗಂಟೆಯಲ್ಲ, ಹದಿನಾರೂವರೆ ಗಂಟೆ.