ಅದೇ ಹಗ್ಗ

ಪುಣೆಯ ಚಿಂಚವಾಡದ ಕಡೆ ನಮ್ಮದೊಂದು ಸಣ್ಣ ಕನ್ನಡ ಬಳಗ. ನೂರು ಮನೆಯೂ ಇಲ್ಲ. ಹೋದ ಸಲ ಅಧ್ಯಕ್ಷ ಸ್ಥಾನಕ್ಕೆ ಇಬ್ಬರು ನಿಂತರು. ಹನ್ನೊಂದು ಮತದ ಅಂತರ. ಬೆಳಗಾಗುವಷ್ಟರಲ್ಲಿ ವಾಟ್ಸಾಪ್ ಗುಂಪು ಎರಡಾಯಿತು. ರಾಜ್ಯೋತ್ಸವಕ್ಕೆ ಚಂದಾ ಕೊಡಲ್ಲ ಅಂತ ಸೋತವರ ಕಡೆಯವರು ಕೂತರು.

ಹಿರಿಯರು ಎರಡು ಮದ್ದು ಹೇಳಿದರು. ಒಬ್ಬರ ಪ್ರಕಾರ ರಾಹುಕಾಲದಲ್ಲಿ ಮತ ಎಣಿಸಿದ್ದೇ ತಪ್ಪು, ಶಾಂತಿ ಮಾಡಿಸಬೇಕು. ಬೇರೆ ಹೊತ್ತಲ್ಲಿ ಎಣಿಸಿದ್ದರೂ ಸೋತವರು ಸೋತೇ ಇರುತ್ತಿದ್ದರು ಅಲ್ವಾ ಕಾಕಾ, ಅಂದೆ. ಅವರು ಕನ್ನಡಕ ಒರೆಸತೊಡಗಿದರು. ಇನ್ನೊಬ್ಬರು, ಎಲ್ಲರೂ ಒಂದು ಕಡೆ ಕೂತು ಚಹಾ ಕುಡಿದರೆ ತಾನೇ ಸರಿಹೋಗುತ್ತೆ ಅಂದರು. ನನಗೆ ಸಿಟ್ಟು ಬಂದದ್ದು ಈ ಎರಡನೆಯದರ ಮೇಲೇ ಜಾಸ್ತಿ. ಕೇಳಲು ಎಷ್ಟು ಸರಿ ಅನ್ನಿಸುತ್ತೆ ನೋಡಿ. ಆದರೆ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಫೇಲಾಗಿದೆ.

1954ರಲ್ಲಿ ಮುಜಫರ್ ಶೆರಿಫ್ ಎಂಬ ಮನಶ್ಶಾಸ್ತ್ರಜ್ಞ 22 ಹುಡುಗರನ್ನು ಅಮೆರಿಕದ ಒಕ್ಲಹೋಮಾದ ರಾಬರ್ಸ್ ಕೇವ್ ಎಂಬ ಕಾಡಿಗೆ ಬೇಸಿಗೆ ಶಿಬಿರಕ್ಕೆ ಕರೆದೊಯ್ದರು. ಎಲ್ಲರೂ ಹನ್ನೊಂದು ಹನ್ನೆರಡು ವರ್ಷದವರು. ಒಬ್ಬರಿಗೊಬ್ಬರ ಪರಿಚಯ ಇರಲಿಲ್ಲ. ಈಗಲ್ಸ್, ರ‍್ಯಾಟ್ಲರ್ಸ್ ಅಂತ ಎರಡು ಗುಂಪಾಯಿತು. ಬೇಸ್‌ಬಾಲ್, ಹಗ್ಗಜಗ್ಗಾಟ, ಗೆದ್ದವರಿಗೆ ಬಹುಮಾನ. ಕೆಲವೇ ದಿನಗಳಲ್ಲಿ ಒಬ್ಬರ ಬಾವುಟ ಇನ್ನೊಬ್ಬರು ಸುಟ್ಟರು. ಆಮೇಲೆ ಶೆರಿಫ್ ಎರಡೂ ಗುಂಪನ್ನು ಒಟ್ಟಿಗೆ ಊಟಕ್ಕೆ ಕೂರಿಸಿದರು, ಸಿನಿಮಾ ತೋರಿಸಿದರು. ಹುಡುಗರು ಊಟವನ್ನೇ ಎತ್ತಿ ಎದುರಿನವರ ಮೇಲೆ ಎಸೆದರು. ನಮ್ಮ ಚಹಾ ಕೂಟವೂ ಹೆಚ್ಚುಕಮ್ಮಿ ಹೀಗೇ. ಅವಲಕ್ಕಿ ಎಸೆಯಲಿಲ್ಲ, ಅಷ್ಟೇ. ಮಾತು ಎಸೆದರು.

ಆಗ ಶಿಬಿರದ ನೀರು ನಿಂತುಹೋಯಿತು. ಶೆರಿಫ್ ಬೇಕಂತಲೇ ನಿಲ್ಲಿಸಿದ್ದು. ಎಲ್ಲಿ ಕೆಟ್ಟಿದೆ ಅಂತ ಇಬ್ಬರೂ ಸೇರಿ ಹುಡುಕಬೇಕಾಯಿತು. ಇನ್ನೊಂದು ದಿನ ಊಟ ತರಬೇಕಾದ ಲಾರಿ ಸ್ಟಾರ್ಟ್ ಆಗಲಿಲ್ಲ. ಹುಡುಗರು ಹಗ್ಗ ಕಟ್ಟಿ ಎಳೆದರು. ಯಾವ ಹಗ್ಗ? ಹಗ್ಗಜಗ್ಗಾಟದ ಅದೇ ಹಗ್ಗ! ಇದನ್ನು ಓದಿದಾಗಲೆಲ್ಲ ನನಗೆ ಖುಷಿ. ಊರ ತೇರು ನೆನಪಿಸಿಕೊಳ್ಳಿ. ಹಗ್ಗ ಹಿಡಿದ ಸಾಲಿನಲ್ಲಿ ದಾಯಾದಿಗಳು ಇರುತ್ತಾರೆ, ಕೋರ್ಟಿಗೆ ಹೋದವರೂ ಇರುತ್ತಾರೆ. ತೇರು ಅದನ್ನೆಲ್ಲ ಕೇಳಲ್ಲ. ಸಾಲದೇ? ಜೋಡೆತ್ತು ನೋಡಿ. ಕೊಟ್ಟಿಗೆಯಲ್ಲಿ ಹಾಯ್ದುಕೊಂಡ ಎತ್ತುಗಳು ನೊಗದಡಿ ಹೆಜ್ಜೆ ಕೂಡಿಸುತ್ತವೆ. ಸಿಟ್ಟು ಇಳಿದದ್ದರಿಂದ ಅಲ್ಲ, ಒಂದು ನಿಂತರೆ ಇನ್ನೊಂದೂ ನಿಲ್ಲಬೇಕು ಅನ್ನುವುದರಿಂದ. ‘ನಾವು’ ಅಂದರೆ ಯಾರು ಎಂಬ ಲೆಕ್ಕವನ್ನು ತಲೆ ಹೀಗೇ ಹಾಕುತ್ತೆ. ನನ್ನ ಕೆಲಸ ಯಾರಿಲ್ಲದೆ ಕೆಡುತ್ತೆ, ಅವರು ನಮ್ಮವರು. ಶಿಬಿರದ ಕೊನೆಗೆ ರ‍್ಯಾಟ್ಲರ್ಸ್ ತಾವು ಗೆದ್ದ ಐದು ಡಾಲರಿನಲ್ಲಿ ಎಲ್ಲರಿಗೂ ಪಾನೀಯ ಕೊಡಿಸಿದರು.

ಶೆರಿಫ್ ಅವರದು ಒಳ್ಳೆಯ ಪ್ರಯೋಗ ಅಂತ ಕಣ್ಣುಮುಚ್ಚಿ ಹೇಳುವಂತಿಲ್ಲ. ಹಿಂದಿನ ವರ್ಷ ಅವರೇ ನಡೆಸಿದ ಇಂಥದೇ ಶಿಬಿರದಲ್ಲಿ ಹುಡುಗರು ಜಗಳವಾಡಲೇ ಇಲ್ಲ, ದೊಡ್ಡವರ ಮೇಲೇ ಅನುಮಾನಪಟ್ಟರು.

ಪಕ್ಷಗಳಲ್ಲೂ ಹೀಗೇನಾ? 2008ರಲ್ಲಿ ಅಮೆರಿಕದ ಡೆಮಾಕ್ರಟಿಕ್ ಪಕ್ಷದ ಪ್ರೈಮರಿಯಲ್ಲಿ, ಅಂದರೆ ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲಿ, ಒಬಾಮಾ, ಹಿಲರಿ ಕ್ಲಿಂಟನ್ ಐದು ತಿಂಗಳು ಕಾದಾಡಿದರು. ಜೂನ್ 27ಕ್ಕೆ ಇಬ್ಬರೂ ಒಂದೇ ವೇದಿಕೆ ಹತ್ತಿದರು. ಊರು ನ್ಯೂ ಹ್ಯಾಂಪ್‌ಶೈರ್‌ನ ಯೂನಿಟಿ. ಹೆಸರಿನ ಅರ್ಥವೇ ಒಗ್ಗಟ್ಟು. ಆ ಊರಲ್ಲಿ ಇಬ್ಬರಿಗೂ ಸಿಕ್ಕ ಮತ ತಲಾ 107! ಪೇಪರಿನವರಿಗೆ ಹಬ್ಬ. ನನ್ನ ಲೆಕ್ಕದಲ್ಲಿ ಅದು ಬರೀ ಚಹಾ ಕೂಟ. ಹಗ್ಗ ಕಾಣುವುದು ಬೇರೆ ಕಡೆ. ಹಿಲರಿಯ ಪ್ರಚಾರದ ಸಾಲ ತೀರಿಸಲು ಒಬಾಮಾ ತಮ್ಮ ಲೆಕ್ಕದಿಂದ 2,300 ಡಾಲರ್ ಚೆಕ್ ಬರೆದರು, ತಮ್ಮ ದೇಣಿಗೆದಾರರಿಗೂ ಕೊಡಿ ಅಂದರು. ಆಗಸ್ಟಿನಲ್ಲಿ ಪಕ್ಷದ ಡೆನ್ವರ್ ಅಧಿವೇಶನದಲ್ಲಿ ರಾಜ್ಯಗಳ ಹೆಸರು ಕರೆದು ಮತ ಎಣಿಸುತ್ತಿದ್ದರು. ನ್ಯೂಯಾರ್ಕ್ ಸರದಿ ಬಂದಾಗ ಹಿಲರಿಯೇ ಎದ್ದು, ಎಣಿಕೆ ಸಾಕು, ಒಬಾಮಾರನ್ನು ಒಕ್ಕೊರಲಿನಿಂದ ಆರಿಸೋಣ ಅಂತ ಸೂಚಿಸಿದರು. ಅವರನ್ನು ಸೋಲಿಸಿದ್ದು ಎಣಿಕೆ. ಅದೇ ಎಣಿಕೆಯ ತುದಿಯನ್ನು ಅವರ ಕೈಗೇ ಕೊಟ್ಟರು. ಒಬಾಮಾ ಗೆದ್ದ ಮೇಲೆ ವಿದೇಶಾಂಗ ಖಾತೆಯೂ ಹಿಲರಿಗೇ.

ಹಗ್ಗ ಸಿಗದಿದ್ದರೆ ಏನಾಗುತ್ತೆ? ಅದಕ್ಕೆ ಪುಣೆ ದಾಟಬೇಕಿಲ್ಲ. ತಿಲಕರೂ ಗೋಖಲೆಯವರೂ ಇದೇ ಊರಿನಿಂದ ಕೆಲಸ ಮಾಡಿದವರು. 1907ರ ಕಾಂಗ್ರೆಸ್ ಅಧಿವೇಶನ ನಾಗಪುರದಲ್ಲಿ ಆಗಬೇಕಿತ್ತು. ಅದು ತಿಲಕರ ಕಡೆಯವರು ಜಾಸ್ತಿ ಇದ್ದ ಊರು. ಸೂರತ್‌ಗೆ ಸಾಗಿಸಿದರು. ಅಧ್ಯಕ್ಷರಾಗಿ ಲಾಲಾ ಲಜಪತ ರಾಯ್ ಬೇಕು ಅಂತ ತಿಲಕರ ಕಡೆಯವರು, ರಾಸ್ ಬಿಹಾರಿ ಘೋಷ್ ಅಂತ ಗೋಖಲೆಯವರ ಕಡೆಯ ಸೌಮ್ಯವಾದಿಗಳು. ಹಾರಿಬಂದ ಪಾದರಕ್ಷೆಯೊಂದು ಸೌಮ್ಯವಾದಿ ಮುಖಂಡರಾದ ಸುರೇಂದ್ರನಾಥ ಬ್ಯಾನರ್ಜಿಗೂ ಫಿರೋಜ್ ಷಾ ಮೆಹ್ತಾಗೂ ತಾಗಿತು. ಪಕ್ಷ ಒಡೆಯಿತು. ಮುಂದಿನ ವರ್ಷ ತಿಲಕರು ಮಂಡಾಲೆ ಜೈಲಿಗೆ ಹೋದರು, 1914ರವರೆಗೆ ಅಲ್ಲೇ. ಮತ್ತೆ ಕೂಡಿದ್ದು 1916ರ ಲಖನೌ ಅಧಿವೇಶನದಲ್ಲಿ. ಆ ಹೊತ್ತಿಗೆ ಎರಡೂ ಕಡೆಯವರು ಎಳೆಯಬಹುದಾದ ಸ್ವರಾಜ್ಯದ ಬೇಡಿಕೆ ಇತ್ತು. ತಿಲಕರ ಹೋಂ ರೂಲ್ ಲೀಗ್ ಅದೇ ವರ್ಷ ನಮ್ಮ ಬೆಳಗಾವಿಯಲ್ಲಿ ಶುರುವಾಗಿತ್ತು. ಗೋಖಲೆಯವರೂ ಮೆಹ್ತಾ ಅವರೂ 1915ರಲ್ಲಿ ತೀರಿಕೊಂಡಿದ್ದರು ಅನ್ನುವುದನ್ನು ಹೇಳದೆ ಬಿಟ್ಟರೆ ಹಗ್ಗದ ಕತೆಗೆ ಮೋಸ ಮಾಡಿದಂತೆ.

ನಮ್ಮ ಬಳಗದ ಕಡೆ ಬರೋಣ. ಜೋಳದ ರೊಟ್ಟಿ ಮಾಡಿಸಿಕೊಡುವ ಅಕ್ಕನ ನಂಬರ್ ಇದ್ದದ್ದು ಸೋತವರ ಹತ್ತಿರ. ಹಾಲ್‌ಗೆ ಮುಂಗಡ ಕಟ್ಟಿದ ರಸೀದಿ ಗೆದ್ದವರ ಹತ್ತಿರ. ಅಡುಗೆ ಪೂರ್ತಿ ನೀವೇ ನೋಡಿಕೊಳ್ಳಿ ಅಂತ ಗೆದ್ದವರು ಸೋತವರ ಮನೆಗೇ ಹೋಗಿ ಹೇಳಿದರು. ರಾಜ್ಯೋತ್ಸವದ ರಾತ್ರಿ ಹನ್ನೊಂದಕ್ಕೆ ಸಾರಿನ ಕೊಳಗದ ಎರಡು ಹಿಡಿಕೆಯನ್ನು ಅವರಿಬ್ಬರೇ ಹಿಡಿದು, ಹುಷಾರ್ರೀ, ಮೆಟ್ಟಿಲು ಅಂತ ಒಬ್ಬರಿಗೊಬ್ಬರು ಹೇಳಿಕೊಂಡು ಇಳಿಸಿದರು. ವಾಟ್ಸಾಪ್ ಗುಂಪು ಇನ್ನೂ ಎರಡೇ ಇದೆ. ಚಂದಾ ಮಾತ್ರ ಬಂತು.