ಕೆಂಜೊ ತಾಂಗೆಯ ಕಾಂಕ್ರೀಟಿನಲ್ಲಿ ಜಪಾನ್ ಎಲ್ಲಿದೆ?

ಪ್ರಶ್ನೆ: ಜಪಾನಿನ ವಾಸ್ತುಶಿಲ್ಪಿ ಕೆಂಜೊ ತಾಂಗೆ ಅವರ ಕಟ್ಟಡಗಳಲ್ಲಿ ಹೆಂಚಿನ ಮಾಡು ಇಲ್ಲ, ಮರವೂ ಕಾಣುವುದಿಲ್ಲ. ಆದರೂ ಅವುಗಳಲ್ಲಿ ಜಪಾನಿನ ಸಂಪ್ರದಾಯ ಇದೆ ಎನ್ನುತ್ತಾರೆ. ಅದು ಎಲ್ಲಿದೆ?

ಉತ್ತರ: ಮಾಡಿನಲ್ಲಿ ಹುಡುಕಿದರೆ ಸಿಗದು, ಚೌಕಟ್ಟಿನಲ್ಲಿ ಹುಡುಕಬೇಕು. ಜಪಾನಿನ ಹಳೆಯ ಮರದ ಮನೆಯಲ್ಲಿ ಭಾರ ಹೊರುವುದು ಕಂಬ ಮತ್ತು ತೊಲೆ. ನಡುವೆ ಇರುವುದು ಬಹುಪಾಲು ಸರಿಸಬಹುದಾದ ಪರದೆ. ಆರ್‌ಸಿಸಿ (ಒಳಗೆ ಉಕ್ಕಿನ ಸರಳು ಇಟ್ಟ ಕಾಂಕ್ರೀಟ್) ಚೌಕಟ್ಟಿನ ನಿಯಮವೂ ಇದೇ, ಮತ್ತು ತಾಂಗೆ ಹಿಡಿದದ್ದು ಈ ಹೊಂದಿಕೆಯನ್ನೇ. 1930ರ ದಶಕದಲ್ಲಿ ಕಾಂಕ್ರೀಟ್ ಕಟ್ಟಡದ ನೆತ್ತಿಗೆ ದೇವಾಲಯದ ಮಾಡು ಕೂರಿಸುವ ಶೈಲಿ ಅಲ್ಲಿ ಚಾಲ್ತಿಯಲ್ಲಿತ್ತು. 1937ರ ಟೋಕಿಯೊ ವಸ್ತುಸಂಗ್ರಹಾಲಯ ಅದಕ್ಕೆ ಉದಾಹರಣೆ. ತಾಂಗೆ ಆ ದಾರಿ ಬಿಟ್ಟರು.

ತಕಾಮಾತ್ಸು ಊರಿನ ಕಗಾವಾ ಪ್ರಾಂತ್ಯ ಸರಕಾರಿ ಕಚೇರಿಯಲ್ಲಿ (1958) ಇದು ಅತ್ಯಂತ ಸ್ಪಷ್ಟ. ಎಂಟು ಅಂತಸ್ತಿನ ಈ ಕಟ್ಟಡದಲ್ಲಿ ಪ್ರತಿ ಮಹಡಿಯ ಸುತ್ತಲೂ ಬಾಲ್ಕನಿ. ಅದರ ಅಡಿಯಲ್ಲಿ ಸಣ್ಣ ಜಂತೆಗಳ ತುದಿಗಳು ಒತ್ತೊತ್ತಾಗಿ ಸಾಲುಗಟ್ಟಿವೆ, ಮರದ ಸೂರಿನ ಕೆಳಗೆ ಕಾಣುವಂತೆಯೇ. ಬಾಲ್ಕನಿ ಬಿಸಿಲನ್ನೂ ಮಳೆಯನ್ನೂ ಗಾಜಿನಿಂದ ದೂರವಿಡುತ್ತದೆ, ಅಂದರೆ ಸೂರಿನ ಕೆಲಸವನ್ನೇ ಮಾಡುತ್ತದೆ. ಇದನ್ನು ನಕಲು ಮಾಡಿದ ಅನೇಕ ಕಚೇರಿಗಳು ಸಾಲನ್ನು ಮಾತ್ರ ತೆಗೆದುಕೊಂಡು ಕೆಲಸವನ್ನು ಬಿಟ್ಟುಬಿಟ್ಟವು. ಅಲ್ಲಿ ಅದು ಬರೀ ಅಲಂಕಾರ.

ಭೂಕಂಪದ ನಾಡಿನಲ್ಲಿ ಇಷ್ಟು ಹಗುರಾಗಿ ಕಾಣುವ ಹೊರಮೈ ಹೇಗೆ ನಿಂತಿತು? ಗುಟ್ಟು ನಡುಮಧ್ಯದಲ್ಲಿದೆ. ಮೆಟ್ಟಿಲು, ಲಿಫ್ಟ್, ಶೌಚಾಲಯ, ಪೈಪುಗಳನ್ನೆಲ್ಲ ಒಂದೆಡೆ ಸೇರಿಸಿ ಸುತ್ತ ದಪ್ಪ ಕಾಂಕ್ರೀಟ್ ಗೋಡೆ ಕಟ್ಟಿದ್ದಾರೆ. ಅಡ್ಡಡ್ಡ ತಳ್ಳುವ ಬಲದ ಹೆಚ್ಚಿನ ಪಾಲು ಆ ಗೋಡೆಗಳಿಗೆ ಹೋಗುತ್ತದೆ. ಹಾಗಾಗಿ ಹೊರಗಿನ ಚೌಕಟ್ಟು ತೆರೆದಿರಬಹುದು.

ಕಷ್ಟ ಇರುವುದು ತೆಳು ಭಾಗಗಳಲ್ಲಿ. ಗಾರೆಯಿಲ್ಲದ ಬರಿ ಕಾಂಕ್ರೀಟಿನಲ್ಲಿ ಸರಳಿಗೆ ರಕ್ಷಣೆ ಎಂದರೆ ಅದರ ಮೇಲಿನ ಕವರ್, ಅಂದರೆ ಸರಳನ್ನು ಮುಚ್ಚುವ ಕಾಂಕ್ರೀಟ್ ಪದರ, ಒಂದೇ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಳುದ್ದಕ್ಕೂ ಒಳಗಿಳಿದು ಕಾಂಕ್ರೀಟಿನ ಕ್ಷಾರತೆಯನ್ನು ಕುಗ್ಗಿಸುತ್ತದೆ. ಆಮೇಲೆ ತೇವ ತಗುಲಿದರೆ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಚೂರುಗಳು ಉದುರುತ್ತವೆ. ಸಣ್ಣ ಜಂತೆಯಲ್ಲಿ ಕವರ್ ಹೆಚ್ಚು ಕೊಡಲು ಜಾಗವೇ ಇರುವುದಿಲ್ಲ. ಇನ್ನು ಭೂಕಂಪದ ಮಾತು: ಅದನ್ನು ತಾಳಲೆಂದು ಕಗಾವಾದಲ್ಲಿ ಮಾಡಿ 2019ರಲ್ಲಿ ಮುಗಿದ ಬಲಪಡಿಸುವ ಕೆಲಸದಲ್ಲಿ ಅಡಿಪಾಯದ ಕೆಳಗೆ ಕಂಪನ ತಡೆಯುವ ವ್ಯವಸ್ಥೆ ಕೂರಿಸಿದರು. ಹೊರಗೆ ಅಡ್ಡಪಟ್ಟಿ ಬಿಗಿದಿದ್ದರೆ ಈ ಮುಖವೇ ಹಾಳಾಗುತ್ತಿತ್ತು. ಅದು ತಪ್ಪಿದ್ದು ದೊಡ್ಡ ಸಮಾಧಾನ.

ಆದರೆ ತಾಂಗೆ ಜಂತೆಗಳಿಗೇ ಅಂಟಿಕೊಳ್ಳಲಿಲ್ಲ. 1964ರ ಒಲಿಂಪಿಕ್ಸ್‌ಗೆ ಕಟ್ಟಿದ ಟೋಕಿಯೊದ ಯೊಯೊಗಿ ಕ್ರೀಡಾಂಗಣದಲ್ಲಿ 126 ಮೀಟರ್ ಅಂತರದ ಎರಡು ಕಂಬಗಳ ನಡುವೆ ಉಕ್ಕಿನ ಕೇಬಲ್ ಎಳೆದು ಮಾಡನ್ನು ತೂಗುಬಿಟ್ಟಿದ್ದಾರೆ. ನೋಡಿದವರಿಗೆ ದೇವಾಲಯದ ಮಾಡು ನೆನಪಾಗುತ್ತದೆ. ಬರೀ ಹಗ್ಗ ಇಳಿಬಿಟ್ಟಿದ್ದರೆ ಬೇಕಾದ ಬಾಗು ಬರುತ್ತಿರಲಿಲ್ಲ. ಅದಕ್ಕೇ ಎಂಜಿನಿಯರ್ ಯೊಶಿಕಾತ್ಸು ತ್ಸುಬೊಯಿ ಅವರ ತಂಡ ಮುಖ್ಯ ಕೇಬಲ್‌ನಿಂದ ಅಂಚಿನವರೆಗೆ ಹಗ್ಗದ ಬದಲು ಬಾಗಿಸಿದ ಉಕ್ಕಿನ ತೊಲೆಗಳನ್ನು ಇಳಿಬಿಟ್ಟಿತು.